ಹಣದ ಬೆಲೆ

ಜೀವಕ್ಕೆ ಆಧಾರವಾದ ನೀರು ಅಗ್ಗ. ಅಲಂಕಾರಕ್ಕೆ ಒದಗುವ ವಜ್ರ ದುಬಾರಿ. ಆಡಂ ಸ್ಮಿತ್ 1776ರಲ್ಲಿ ಎತ್ತಿ ತೋರಿಸಿದ ಈ ಒಗಟನ್ನು 1871ರಲ್ಲಿ ವಿಯೆನ್ನಾದ ಕಾರ್ಲ್ ಮೆಂಗರ್ ಮತ್ತು ಇಂಗ್ಲೆಂಡಿನ ಜೆವನ್ಸ್ ತಂತಮ್ಮಷ್ಟಕ್ಕೆ ಬಿಡಿಸಿದರು. ವಸ್ತುವಿನ ಮೌಲ್ಯವು ಅದರ ಒಟ್ಟು ಉಪಯೋಗವನ್ನಲ್ಲ, ನಮ್ಮಲ್ಲಿರುವ ಕಟ್ಟಕಡೆಯ ಅಂಶದ ಉಪಯೋಗವನ್ನು ಅವಲಂಬಿಸಿದೆ. ಇದೇ ಸೀಮಾಂತ ತುಷ್ಟಿಗುಣ ತತ್ತ್ವ.

ಹಣದ ವಿಷಯದಲ್ಲಿ ಈ ತತ್ತ್ವ ತೊಡಕಿಗೆ ಸಿಕ್ಕಿತು. ಅಕ್ಕಿ ಹಸಿವನ್ನು ನೀಗುತ್ತದೆ. ಬಟ್ಟೆ ಮೈಯನ್ನು ಮುಚ್ಚುತ್ತದೆ. ನೋಟನ್ನು ಉಣ್ಣಲಾಗದು, ಉಡಲಾಗದು. ಅದು ನಮಗೆ ಬೇಕಾಗಿರುವುದು ಅದಕ್ಕೆ ಕೊಳ್ಳುವ ಶಕ್ತಿ ಇರುವುದರಿಂದ. ಆ ಶಕ್ತಿ ಬಂದುದಾದರೂ ಹೇಗೆ? ಎಲ್ಲರಿಗೂ ಅದು ಬೇಕಾಗಿರುವುದರಿಂದ! ಬೀಜ ಮೊದಲೋ ವೃಕ್ಷ ಮೊದಲೋ ಎಂಬಂತಹ ಪ್ರಶ್ನೆಯಿದು. ಆದುದರಿಂದ ಅರ್ಥಶಾಸ್ತ್ರಜ್ಞರು ಸರಕುಗಳ ಪರಸ್ಪರ ಬೆಲೆಗೆ ತುಷ್ಟಿಗುಣವನ್ನೂ, ಒಟ್ಟು ಬೆಲೆಮಟ್ಟಕ್ಕೆ ಹಣದ ಪರಿಮಾಣವನ್ನೂ ಕಾರಣವಾಗಿ ಹೇಳುತ್ತ, ಎರಡು ಸಿದ್ಧಾಂತಗಳನ್ನು ಬೇರೆ ಬೇರೆಯಾಗಿಯೇ ಇರಿಸಿದ್ದರು.

ಇವನ್ನು ಬೆಸೆಯುವ ಯತ್ನವನ್ನು ಲುಡ್ವಿಗ್ ಫಾನ್ ಮೀಸಸ್ 1912ರಲ್ಲಿ ಮಾಡಿದನು. ಇಂದು ನಾವು ಹಣವನ್ನು ಬಯಸುವುದು ನಿನ್ನೆ ಅದಕ್ಕಿದ್ದ ಕೊಳ್ಳುವ ಶಕ್ತಿಯನ್ನು ಕಂಡು. ನಿನ್ನೆ ಬಯಸಿದುದು ಮೊನ್ನೆಯದನ್ನು ಕಂಡು. ಹೀಗೆ ಹಿಂದೆ ಹಿಂದೆ ಸಾಗಿದರೆ, ಚಿನ್ನ ಬೆಳ್ಳಿಗಳು ಇನ್ನೂ ಹಣವಾಗದೆ, ಒಡವೆ ಮೊದಲಾದ ಉಪಯೋಗಗಳಿಗಾಗಿಯೇ ಬೇಕಾಗಿದ್ದ ದಿನವನ್ನು ಮುಟ್ಟುತ್ತೇವೆ. ಅಲ್ಲಿಗೆ ಆ ಸುತ್ತು ಕಡಿಯುತ್ತದೆ ಎಂಬುದು ಅವನ ವಾದ.

1956ರಲ್ಲಿ ಡಾನ್ ಪಟಿಂಕಿನ್ ಇನ್ನೊಂದು ದಾರಿ ತೋರಿದನು. ಜನರು ನೋಟುಗಳ ಸಂಖ್ಯೆಯನ್ನಲ್ಲ, ಅವುಗಳಿಂದ ದೊರೆಯುವ ಸರಕಿನ ಪ್ರಮಾಣವನ್ನು ಲೆಕ್ಕಿಸುತ್ತಾರೆ. ಬೆಲೆ ಏರಿದರೆ ಕೈಯಲ್ಲಿರುವ ಹಣದ ನಿಜವಾದ ಮೌಲ್ಯ ಕುಗ್ಗುತ್ತದೆ. ಅದನ್ನು ತುಂಬಿಕೊಳ್ಳಲು ಜನರು ಖರ್ಚನ್ನು ಹಿಡಿಯುತ್ತಾರೆ. ಹೀಗೆ ಸರಕಿನ ಬೇಡಿಕೆ, ಹಣದ ಬೇಡಿಕೆಗಳೆರಡೂ ಒಂದೇ ತಕ್ಕಡಿಯ ತಟ್ಟೆಗಳು.

ಈ ವಿಚಾರವು ಪಂಡಿತರಿಗಷ್ಟೇ ಸಂಬಂಧಿಸಿದುದಲ್ಲ. ಮೊದಲನೆಯ ಮಹಾಯುದ್ಧಕ್ಕೆ ಮುನ್ನ ಸುಮಾರು 4.2 ಮಾರ್ಕಿಗೆ ಒಂದು ಡಾಲರ್ ದೊರೆಯುತ್ತಿದ್ದ ಜರ್ಮನಿಯಲ್ಲಿ, 1923ರ ನವೆಂಬರಿನಲ್ಲಿ ಅದಕ್ಕೆ 4 ಲಕ್ಷ 20 ಸಾವಿರ ಕೋಟಿ ಮಾರ್ಕುಗಳನ್ನು ತೆರಬೇಕಾಯಿತು. ಸರ್ಕಾರ ನೋಟುಗಳನ್ನು ಅಚ್ಚು ಹಾಕುತ್ತಲೇ ಹೋಯಿತು. ನಾಳೆ ಇದರ ಬೆಲೆ ಇನ್ನೂ ಇಳಿಯುವುದೆಂದು ಅರಿತ ಜನರು ಕೂಲಿ ಕೈಸೇರಿದೊಡನೆ ಅಂಗಡಿಗೆ ಧಾವಿಸಿದರು. ಹಣವನ್ನು ಇಟ್ಟುಕೊಳ್ಳುವ ಬಯಕೆಯೇ ಅಳಿದುದರಿಂದ ಬೆಲೆಗಳು ನೋಟುಗಳಿಗಿಂತಲೂ ವೇಗವಾಗಿ ಏರಿದವು. ಜೀವಮಾನದ ಉಳಿತಾಯ ಒಂದು ರೊಟ್ಟಿಗೂ ಸಾಲದಾಯಿತು.

ಹಣದ ಮೌಲ್ಯವೂ ಸರಕಿನ ಮೌಲ್ಯದಂತೆ ಮಾನವರ ಬೇಡಿಕೆಯಲ್ಲಿಯೇ ನೆಲೆಸಿದೆ. ಅದನ್ನು ಕಾಪಾಡುವುದೆಂದರೆ ದುಡಿದವನ ಬೆವರಿಗೆ ಬೆಲೆ ಉಳಿಸುವುದೇ ಆಗಿದೆ.