ಒಂದೇ ಕಟ್ಟಡ, ಎರಡು ಬಗೆಯ ತಂಪು

ಬೇಸಗೆಯ ನಡುಹಗಲಿನಲ್ಲಿ ಹಳೆಯ ದೇವಾಲಯದ ಕಲ್ಲುಮಂಟಪವನ್ನು ಹೊಕ್ಕವರಿಗೆ ಒಂದು ಸೋಜಿಗ ಕಾದಿರುತ್ತದೆ. ಅಲ್ಲಿ ಬೀಸಣಿಗೆಯಿಲ್ಲ, ಗಾಳಿಯ ಸುಳಿವೂ ಇಲ್ಲ. ಆದರೂ ಮೈ ತಂಪಾಗುತ್ತದೆ. ಸುತ್ತಲಿನ ಕಲ್ಲು ತಣ್ಣಗಿದ್ದರೆ ಮೈಯ ಕಾವು ಅದರತ್ತ ಹರಿದುಹೋಗುವುದೇ ಇದರ ಗುಟ್ಟು. ಬಹುಮಹಡಿಯ ಕಚೇರಿಯೊಂದನ್ನು ಈ ಗುಟ್ಟಿನಿಂದಲೇ ತಂಪಾಗಿಡಬಹುದೆ?

ಬೆಂಗಳೂರಿನಲ್ಲಿ ಕೇಂದ್ರಕಚೇರಿಯುಳ್ಳ ಇನ್ಫೋಸಿಸ್ ಸಂಸ್ಥೆಯು ಹೈದರಾಬಾದಿನ ಬಳಿಯ ಪೋಚಾರಂನಲ್ಲಿ ಇದನ್ನು ಪರೀಕ್ಷೆಗೇ ಒಡ್ಡಿತು. ಕಾಗದದ ಲೆಕ್ಕವೇ ಬೇರೆ, ವಿದ್ಯುತ್ ಬಿಲ್ಲಿನ ಲೆಕ್ಕವೇ ಬೇರೆ ಎಂಬುದು ಎಂಜಿನಿಯರರ ಹಳೆಯ ಅನುಭವ. ಆದುದರಿಂದ ಸುಮಾರು 2,50,000 ಚದರ ಅಡಿಯ ಒಂದೇ ಕಟ್ಟಡವನ್ನು ಸರಿಸಮನಾದ ಎರಡು ಭಾಗಗಳಾಗಿ ವಿಂಗಡಿಸಿ, ಒಂದಕ್ಕೆ ಗಾಳಿಯ ತಂಪನ್ನೂ ಇನ್ನೊಂದಕ್ಕೆ ನೀರಿನ ತಂಪನ್ನೂ ಒದಗಿಸಲಾಯಿತು. 2011ರಲ್ಲಿ ಪಂದ್ಯ ಮೊದಲಾಯಿತು.

ಗಾಳಿಗೂ ನೀರಿಗೂ ಪೈಪೋಟಿ

ಮೊದಲ ಭಾಗದ್ದು ರೂಢಿಯ ಕ್ರಮ. ಯಂತ್ರವು ತಣಿಸಿದ ಗಾಳಿಯನ್ನು ದೊಡ್ಡ ಫ್ಯಾನುಗಳು ಅಗಲವಾದ ತಗಡಿನ ನಾಳಗಳ ಮೂಲಕ ಕೋಣೆ ಕೋಣೆಗೂ ತಳ್ಳುತ್ತವೆ. ಸೆಕೆಗೆ ತಕ್ಕಂತೆ ಗಾಳಿಯ ಪ್ರಮಾಣ ಹೆಚ್ಚುತ್ತದೆ, ಇಳಿಯುತ್ತದೆ. ಎರಡನೆಯ ಭಾಗದಲ್ಲಿ ಕಾಂಕ್ರೀಟು ಚಾವಣಿಯ ಒಳಗೇ ಕೊಳವೆಗಳನ್ನು ಹುದುಗಿಸಿ ತಣ್ಣೀರನ್ನು ಹರಿಸಲಾಯಿತು. ಚಾವಣಿಯೇ ಇಲ್ಲಿ ಕಲ್ಲುಮಂಟಪ!

ಇದರಿಂದೇನು ಲಾಭ? ಅಷ್ಟೇ ಗಾತ್ರದ ಗಾಳಿಗಿಂತ ನೀರು ಮೂರು ಸಾವಿರ ಪಾಲಿಗೂ ಮಿಗಿಲಾಗಿ ಶಾಖವನ್ನು ಹೊರಬಲ್ಲದು. ದೊಡ್ಡ ಫ್ಯಾನುಗಳು ಏದುಸಿರುಬಿಟ್ಟು ಮಾಡುವ ಕೆಲಸವನ್ನು ಸಣ್ಣ ಪಂಪು ಸದ್ದಿಲ್ಲದೆ ಮುಗಿಸುತ್ತದೆ. ಚಾವಣಿ ವಿಶಾಲವಾಗಿರುವುದರಿಂದ ನೀರು ತೀರ ತಣ್ಣಗಿರಬೇಕಾದುದೂ ಇಲ್ಲ. ಆದಕಾರಣ ತಣಿಸುವ ಯಂತ್ರಕ್ಕೂ ಶ್ರಮ ಕಡಿಮೆ.

ಆದರೆ ಒಂದು ಅಪಾಯವುಂಟು. ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವುದನ್ನು ಯಾರು ಕಂಡಿಲ್ಲ? ಹಾಗೆ ಚಾವಣಿಯೂ ಬೆವರಿದರೆ ಕಚೇರಿಯೊಳಗೇ ಮಳೆ ಸುರಿದೀತು! ಅದಕ್ಕಾಗಿ ಉಸಿರಾಟಕ್ಕೆ ಬೇಕಾದ ಹೊಸ ಗಾಳಿಯ ತೇವವನ್ನು ಮೊದಲೇ ಹೀರಿ ಒಳಗೆ ಬಿಡಬೇಕು. ಚಾವಣಿ ಮಿತಿಮೀರಿ ತಣ್ಣಗಾಗದಂತೆ ಕಾಯುತ್ತಲೂ ಇರಬೇಕು.

ಗೆದ್ದವರಾರು?

ಎರಡು ವರ್ಷಗಳ ಅಳತೆ ತೀರ್ಪು ನೀಡಿತು. ನೀರಿನ ಭಾಗವು ತಂಪಿಗಾಗಿ ಬಳಸಿದ ವಿದ್ಯುತ್ತು, ಗಾಳಿಯ ಭಾಗ ಬಳಸಿದುದಕ್ಕಿಂತ ನೂರಕ್ಕೆ 34ರಷ್ಟು ಕಡಿಮೆ! ಸೋತ ಭಾಗವೂ ಮಿತವ್ಯಯಕ್ಕೆಂದೇ ಜಾಣತನದಿಂದ ರೂಪಿಸಿದುದಾಗಿತ್ತೆಂಬುದು ಗಮನಾರ್ಹ. ನಿರ್ಮಾಣದ ವೆಚ್ಚವಾದರೂ ಹೆಚ್ಚಾಯಿತೆ? ಅದೂ ಇಲ್ಲ, ಎರಡಕ್ಕೂ ಹೆಚ್ಚುಕಡಿಮೆ ಸಮನಾಗಿಯೇ ತಗುಲಿತು. ಅಲ್ಲಿ ಕುಳಿತು ದುಡಿಯುವವರನ್ನು ವಿಚಾರಿಸಿದಾಗ ಹೆಚ್ಚು ಮೆಚ್ಚುಗೆ ಬಂದುದೂ ನೀರಿನ ಕಡೆಯವರಿಂದಲೇ.

ಚಳಿಯ ನಾಡುಗಳಲ್ಲಿ ಇಂಥ ಕೊಳವೆಗಳಲ್ಲೇ ಬಿಸಿನೀರನ್ನು ಹರಿಸಿ ಮನೆಯನ್ನು ಬೆಚ್ಚಗಿಡುವುದುಂಟು. ಆದರೆ ಚಾವಣಿಗೆ ಒಮ್ಮೆ ಕಾಂಕ್ರೀಟು ಸುರಿದ ಮೇಲೆ ಅದರೊಳಗೆ ಕೊಳವೆ ಹುದುಗಿಸಲಾಗದು. ಕಟ್ಟಿ ಮುಗಿಸಿ, ಆಮೇಲೆ ಸೆಕೆಗೆ ಮದ್ದು ಹುಡುಕುವವರಿಗೆ ಈ ಉಪಾಯ ದಕ್ಕುವುದಿಲ್ಲ. ನಕ್ಷೆ ಬರೆಯುವ ದಿನವೇ ವಾಸ್ತುಶಿಲ್ಪಿಯೂ ಎಂಜಿನಿಯರನೂ ಒಂದೇ ಮೇಜಿನ ಮುಂದೆ ಕೂಡಬೇಕು.