‘ಸ್ವಲ್ಪ ನೋಡಿ ಹೋಗು’ ಎನ್ನುವ ಕೆಲಸಕ್ಕೂ ಒಂದು ದರ ಬೇಕು
ಮನೆಯ ವಿದ್ಯುತ್ ಸುರಕ್ಷತಾ ತಪಾಸಣೆ: ಎಲೆಕ್ಟ್ರಿಷಿಯನ್ ಎಷ್ಟು ಕೇಳಬೇಕು, ಮನೆಯವರು ಏಕೆ ಕೊಡಬೇಕು?

ಮುಂಬಯಿ: ರವಿವಾರ ಬೆಳಗ್ಗೆ ಮಹಾನಗರದ ತುಳು-ಕನ್ನಡಿಗ ಎಲೆಕ್ಟ್ರಿಷಿಯನ್‌ಗಳ ಮೊಬೈಲಿಗೆ ಬರುವ ಕರೆಗಳಲ್ಲಿ ಒಂದಾದರೂ ಹೀಗಿರುತ್ತದೆ: “ಬಾತ್‌ರೂಮಿನ ನಲ್ಲಿ ಮುಟ್ಟಿದರೆ ಸ್ವಲ್ಪ ಶಾಕ್ ಹೊಡೆದ ಹಾಗೆ ಆಗ್ತದೆ ಮಾರಾಯ. ಸಂಘದ ಮೀಟಿಂಗಿಗೆ ಬರುವಾಗ ಐದು ನಿಮಿಷ ಮನೆಗೆ ಬಂದು ನೋಡಿ ಹೋಗು.” “ಆಯ್ತು ಅಣ್ಣ, ಬರ್ತೇನೆ” ಎಂಬ ಉತ್ತರವೂ ಅಷ್ಟೇ ಮಾಮೂಲು. ಐದು ನಿಮಿಷ ಒಂದೂವರೆ ಗಂಟೆಯಾಗುತ್ತದೆ. ಕೊನೆಗೆ ಚಾ ಸಿಗುತ್ತದೆ, ಊರಿನ ಸುದ್ದಿ ಸಿಗುತ್ತದೆ. ಎಷ್ಟಾಯಿತು ಎಂದು ಮನೆಯವರು ಕೇಳುವುದಿಲ್ಲ. ಕೇಳಿದರೂ ಎಷ್ಟು ಹೇಳಬೇಕೆಂದು ಆತನಿಗೆ ತೋಚುವುದಿಲ್ಲ.

ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ಅನಂತರ ವೈರಿಂಗ್ ಕೆಲಸ ಕೈಗೆ ಹತ್ತಿಸಿಕೊಂಡು ನೆಲೆ ಕಂಡವರು ಈ ನಗರದಲ್ಲಿ ಕಡಿಮೆಯಿಲ್ಲ. ಸಂಘದ ಸಮಾರಂಭಕ್ಕೆ ದೀಪ ಕಟ್ಟುವುದರಿಂದ ಹಿಡಿದು ಸದಸ್ಯರ ಮನೆಯ ಫ್ಯಾನ್ ಸರಿಪಡಿಸುವವರೆಗೆ ಎಲ್ಲದಕ್ಕೂ ಕರೆ ಹೋಗುವುದು ಇವರಿಗೇ. ಹೊಸ ವೈರಿಂಗಿಗೆ ಪಾಯಿಂಟಿಗೆ ಇಷ್ಟು ಎಂಬ ದರವಿದೆ. ಫ್ಯಾನ್ ಕೂರಿಸಲು ದರವಿದೆ, ಗೀಸರ್ ಜೋಡಿಸಲು ದರವಿದೆ. ಆದರೆ ಇಡೀ ಮನೆಯ ವಿದ್ಯುತ್ ವ್ಯವಸ್ಥೆ ಸುರಕ್ಷಿತವಾಗಿದೆಯೇ ಎಂದು ಪರೀಕ್ಷಿಸಿ ಹೇಳುವ ಕೆಲಸಕ್ಕೆ ಮಾತ್ರ ದರವಿಲ್ಲ. ದರವಿಲ್ಲದ ಕೆಲಸ ಸರಿಯಾಗಿ ನಡೆಯುವುದೂ ಅಪರೂಪ. ನಷ್ಟ ಎಲೆಕ್ಟ್ರಿಷಿಯನ್‌ಗೆ ಮಾತ್ರವಲ್ಲ, ಮನೆಯವರಿಗೂ ಇದೆ.

ಹಳೆಯ ತಂತಿ, ಹೊಸ ಹೊರೆ

ಹಳೆಯ ಚಾಳ್‌ಗಳ ಮತ್ತು ಮೂವತ್ತು-ನಲವತ್ತು ವರ್ಷ ಹಿಂದಿನ ಕಟ್ಟಡಗಳ ವೈರಿಂಗ್ ನಡೆದದ್ದು ಎರಡು ಟ್ಯೂಬ್‌ಲೈಟ್, ಎರಡು ಫ್ಯಾನ್, ಒಂದು ಟಿವಿಯ ಲೆಕ್ಕದಲ್ಲಿ. ಇಂದು ಅದೇ ಮನೆಯಲ್ಲಿ ಫ್ರಿಜ್, ಮಿಕ್ಸಿ, ವಾಷಿಂಗ್ ಮೆಷಿನ್, ಗೀಸರ್, ಎಸಿ ಎಲ್ಲವೂ ಇವೆ. ಎರಡು ಕಿಲೋವ್ಯಾಟಿನ ಗೀಸರ್ ಒಂದೇ ಸುಮಾರು 9 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಅದನ್ನು 6 ಆಂಪಿಯರಿನ ಸಾದಾ ಪ್ಲಗ್ಗಿಗೆ ಸಿಕ್ಕಿಸಿದ ಮನೆಗಳು ಈಗಲೂ ಸಿಗುತ್ತವೆ. ತಂತಿಯಲ್ಲಿ ಹರಿಯುವ ವಿದ್ಯುತ್ ಎರಡು ಪಟ್ಟಾದರೆ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಮೇಲಿನ ಕವಚ ಗಟ್ಟಿಯಾಗಿ ಬಿರುಕು ಬಿಟ್ಟು, ಮಳೆಗಾಲದಲ್ಲಿ ಒದ್ದೆಯಾದ ಗೋಡೆಯೊಳಗೆ ಅದು ಏನು ಮಾಡುತ್ತಿದೆ ಎಂಬುದು ಹೊರಗೆ ಕಾಣುವುದಿಲ್ಲ. ನಗರದ ಅಗ್ನಿ ಅನಾಹುತಗಳ ಸುದ್ದಿಯಲ್ಲಿ ಶಾರ್ಟ್ ಸರ್ಕಿಟ್ ಎಂಬ ಪದ ಮತ್ತೆ ಮತ್ತೆ ಬರುವುದು ಸುಮ್ಮನೆ ಅಲ್ಲ.

ಮಹಾರಾಷ್ಟ್ರದ ಸಹಕಾರಿ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ವರ್ಷ ದಾಟಿದ ಕಟ್ಟಡಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು. ಅದಕ್ಕೆ ಎಂಜಿನಿಯರರಿಗೆ ಶುಲ್ಕ ಕೊಡಬೇಕೆಂಬುದನ್ನು ಸೊಸೈಟಿಗಳು ಒಪ್ಪಿಕೊಂಡಿವೆ. ಕಂಬ-ತೊಲೆ ನೋಡಲು ಹಣ ಕೊಡುವ ಸದಸ್ಯರು ಅದೇ ಗೋಡೆಯೊಳಗಿನ ತಂತಿ ನೋಡುವವನಿಗೆ ಚಾ ಕೊಟ್ಟು ಕಳುಹಿಸುತ್ತಾರೆ.

ಟೆಸ್ಟರ್ ತೋರಿಸಿದರೆ ತಪಾಸಣೆಯಲ್ಲ

ದರದ ಮಾತಿಗೆ ಮೊದಲು ತಪಾಸಣೆ ಎಂದರೇನು ಎಂಬುದು ಎರಡೂ ಕಡೆಯವರಿಗೆ ಸ್ಪಷ್ಟವಿರಬೇಕು. ಟೆಸ್ಟರ್ ಹಿಡಿದು ದೀಪ ಉರಿಯಿತೇ ಎಂದು ನೋಡುವುದು ತಪಾಸಣೆಯಲ್ಲ. ಮೇನ್ ಸ್ವಿಚ್ ಬಂದ್ ಮಾಡಿ ಬೋರ್ಡ್ ಬಿಚ್ಚಿ, ಸಡಿಲವಾದ ಸ್ಕ್ರೂ, ಕಪ್ಪಾದ ತುದಿ, ಕರಗಿದ ಹೋಲ್ಡರ್ ಇವನ್ನು ಕಣ್ಣಾರೆ ನೋಡಬೇಕು. ಫೇಸ್ ಮತ್ತು ನ್ಯೂಟ್ರಲ್ ಅದಲು ಬದಲಾಗಿವೆಯೇ, ಪ್ರತಿ ಮೂರು ಪಿನ್ ಪ್ಲಗ್ಗಿಗೂ ಅರ್ಥಿಂಗ್ ನಿಜವಾಗಿ ತಲುಪಿದೆಯೇ ಎಂದು ಮೀಟರ್ ಹಿಡಿದು ಪರೀಕ್ಷಿಸಬೇಕು. ಮೆಗ್ಗರ್ ಎಂಬ ಉಪಕರಣದಿಂದ 500 ವೋಲ್ಟ್ ಹಾಯಿಸಿ ತಂತಿಯ ಕವಚ ಎಷ್ಟು ಗಟ್ಟಿ ಇದೆ ಎಂದು ಅಳೆಯಬೇಕು. ಅದು ಕನಿಷ್ಠ 1 ಮೆಗಾ ಓಮ್ ತೋರಿಸಬೇಕು. ಇದಕ್ಕೆ ಮೊದಲು ಟಿವಿ, ಕಂಪ್ಯೂಟರ್, ಫ್ರಿಜ್ ಎಲ್ಲದರ ಪ್ಲಗ್ ತೆಗೆಯದಿದ್ದರೆ ಅವು ಕೆಟ್ಟುಹೋದಾವು. ಸಮಯ ಹಿಡಿಯುವುದು ಇಲ್ಲಿಯೇ.

ಬಳಿಕ ಆರ್‌ಸಿಸಿಬಿ ಪರೀಕ್ಷೆ. ಎಂಸಿಬಿ ಇದ್ದರೆ ಸಾಕು ಎಂದು ನಂಬಿದವರು ಅನೇಕರು. ಎಂಸಿಬಿ ಕಾಪಾಡುವುದು ತಂತಿಯನ್ನು. ಮನುಷ್ಯನನ್ನು ಶಾಕ್‌ನಿಂದ ಕಾಪಾಡುವುದು ಆರ್‌ಸಿಸಿಬಿ. ಮನೆಗೆ ಬೇಕಾದದ್ದು 30 ಮಿಲಿ ಆಂಪಿಯರ್ ಸೋರಿಕೆಗೇ ಕಡಿತಗೊಳ್ಳುವ ಆರ್‌ಸಿಸಿಬಿ. ಅದರ ಟೆಸ್ಟ್ ಬಟನ್ ಒತ್ತಿದಾಗ ಸ್ವಿಚ್ ಬಿದ್ದರೆ ಅದರ ಯಂತ್ರ ಸರಿಯಿದೆ ಎಂದಷ್ಟೇ ಅರ್ಥ. ಮನೆಯ ಅರ್ಥಿಂಗ್ ಸರಿಯಿದೆ ಎಂದು ಅರ್ಥವಲ್ಲ. ಕೊನೆಗೆ ಯಾವ ಕೋಣೆಯಲ್ಲಿ ಏನು ಕಂಡಿತು, ಯಾವುದು ಕೂಡಲೇ ಆಗಬೇಕು, ಯಾವುದು ಕಾಯಬಹುದು ಎಂದು ಕಾಗದದಲ್ಲಿ ಬರೆದು, ತಾರೀಕು ಹಾಕಿ, ಸಹಿ ಮಾಡಿ ಕೊಡಬೇಕು. ಬರೆದು ಕೊಟ್ಟ ಮಾತಿಗೆ ಹೊಣೆ ಇರುತ್ತದೆ. ಶುಲ್ಕ ಕೇಳಲು ಅಧಿಕಾರ ಬರುವುದೂ ಆ ಹೊಣೆಯಿಂದಲೇ.

ದರ ಲೆಕ್ಕ ಹಾಕುವ ಬಗೆ

ಪಕ್ಕದ ಎಲೆಕ್ಟ್ರಿಷಿಯನ್ ಎಷ್ಟು ತೆಗೆದುಕೊಳ್ಳುತ್ತಾನೆ ಎಂದು ಕೇಳಿ ಅದಕ್ಕಿಂತ ಐವತ್ತು ಕಡಿಮೆ ಹೇಳುವುದು ಸಾಮಾನ್ಯ ಪದ್ಧತಿ. ಅದರ ಬದಲು ತನ್ನ ಒಂದು ಗಂಟೆಯ ಬೆಲೆ ಎಷ್ಟು ಎಂಬುದನ್ನು ಮೊದಲು ಕಂಡುಕೊಳ್ಳಬೇಕು. ಉದಾಹರಣೆಗೆ, ಒಬ್ಬನಿಗೆ ಮನೆ ಖರ್ಚಿಗೆ ತಿಂಗಳಿಗೆ 32,000 ರೂಪಾಯಿ ಬೇಕು ಎಂದಿಟ್ಟುಕೊಳ್ಳೋಣ. ಗಾಳಾ ಬಾಡಿಗೆಯ ಪಾಲು, ಮೊಬೈಲ್, ರೈಲ್ವೆ ಪಾಸ್, ರಿಕ್ಷಾ ಸೇರಿ 6,000. ಮೆಗ್ಗರ್, ಕ್ಲಾಂಪ್ ಮೀಟರ್ ಮುಂತಾದ 24,000 ರೂಪಾಯಿಯ ಉಪಕರಣ ನಾಲ್ಕು ವರ್ಷ ಬಾಳಿದರೆ ತಿಂಗಳಿಗೆ 500. ವಿಮೆ, ಪರ್ಮಿಟ್ ನವೀಕರಣ, ಜ್ವರ ಬಂದು ಮಲಗಿದ ದಿನ, ಊರಿಗೆ ಹೋದ ದಿನ ಇವುಗಳಿಗೆ 3,500. ಒಟ್ಟು 42,000 ರೂಪಾಯಿ.

ಇನ್ನು ದುಡಿಮೆಯ ಗಂಟೆ. ದಿನಕ್ಕೆ 8 ಗಂಟೆಯಂತೆ 25 ದಿನಕ್ಕೆ 200 ಗಂಟೆ ಆಗುತ್ತದೆ ನಿಜ. ಆದರೆ ಸಾಮಾನು ತರಲು ಹೋದದ್ದು, ಗಿರಾಕಿಗಾಗಿ ಕಾದದ್ದು, ಕೆಲಸವಿಲ್ಲದೆ ಕೂತದ್ದು ಕಳೆದರೆ ಬಿಲ್ ಮಾಡಲು ಸಿಗುವುದು 120 ಗಂಟೆ ಎಂದು ಹಿಡಿಯಬಹುದು. 42,000ವನ್ನು 120ರಿಂದ ಭಾಗಿಸಿದರೆ ಗಂಟೆಗೆ 350 ರೂಪಾಯಿ. 200ರಿಂದ ಭಾಗಿಸಿ 210 ಎಂದು ನಂಬಿದವನು ತಿಂಗಳ ಕೊನೆಗೆ ಸಾಲ ಕೇಳಬೇಕಾಗುತ್ತದೆ.

ಈಗ ಮನೆಯ ಲೆಕ್ಕ. ಒನ್ ರೂಮ್ ಕಿಚನ್‌ಗೆ ತಪಾಸಣೆ 1 ಗಂಟೆ, ವರದಿ ಅರ್ಧ ಗಂಟೆ, ಹೋಗಿ ಬರಲು 1 ಗಂಟೆ; ಒಟ್ಟು ಎರಡೂವರೆ ಗಂಟೆಗೆ 875 ರೂಪಾಯಿ. ಒನ್ ಬಿಎಚ್‌ಕೆಗೆ ತಪಾಸಣೆ ಒಂದೂವರೆ ಗಂಟೆಯಾದರೆ ಒಟ್ಟು 3 ಗಂಟೆ; 1,050 ರೂಪಾಯಿ. ಟು ಬಿಎಚ್‌ಕೆಗೆ ಒಟ್ಟು 4 ಗಂಟೆ, 1,400 ರೂಪಾಯಿ. ಈ ಅಂಕಿಗಳು ಒಂದು ಮಾದರಿ ಮಾತ್ರ. ಅವರವರ ಖರ್ಚು, ಅವರವರ ಗಂಟೆ ಹಾಕಿ ಲೆಕ್ಕ ಮಾಡಿದರೆ ಅವರವರ ದರ ಸಿಗುತ್ತದೆ. ಲೆಕ್ಕ ಗಂಟೆಯದ್ದಾದರೂ ಮನೆಯವರಿಗೆ ಹೇಳುವುದು ಒಂದೇ ಮೊತ್ತವಾಗಿರಲಿ. ಗಂಟೆ ಲೆಕ್ಕ ಹೇಳಿದರೆ ಅವರ ಕಣ್ಣು ಗಡಿಯಾರದ ಮೇಲೇ ಇರುತ್ತದೆ. ತೀರಾ ಹಳೆಯ ವೈರಿಂಗಾಗಿದ್ದು ಹೆಚ್ಚು ಸಮಯ ಬೇಕಾದರೆ ಎಷ್ಟು ಹೆಚ್ಚಾಗುತ್ತದೆ ಎಂಬುದನ್ನು ಬೋರ್ಡ್ ಬಿಚ್ಚುವ ಮೊದಲೇ ಹೇಳಬೇಕು, ಬಿಚ್ಚಿದ ಮೇಲೆ ಅಲ್ಲ.

ಹೊಸ ವೈರಿಂಗಿನಂತೆ ತಪಾಸಣೆಗೂ ಪಾಯಿಂಟ್ ರೇಟ್ ಹಾಕಬಹುದಲ್ಲ ಎಂಬ ಮಾತಿದೆ. ಇದು ಸುಲಭ, ಆದರೆ ಸರಿಯಲ್ಲ. ಹಳೆಯ ಚಾಳಿನ ಕೋಣೆಯಲ್ಲಿ ಪಾಯಿಂಟ್ ಎಂಟೇ ಇರಬಹುದು, ಅಪಾಯ ಹೆಚ್ಚು ಇರುವುದೂ ಅಲ್ಲಿಯೇ. ಪಾಯಿಂಟ್ ಲೆಕ್ಕದಲ್ಲಿ ಆ ಕೋಣೆಗೆ ಕಡಿಮೆ ಹಣ, ಕಡಿಮೆ ಸಮಯ. ಹೊಸ ಫ್ಲ್ಯಾಟಿಗೆ ಹೆಚ್ಚು ಹಣ ಎಂಬ ವಿಚಿತ್ರ ಸ್ಥಿತಿ ಬರುತ್ತದೆ.

ಪುಕ್ಕಟೆ ತಪಾಸಣೆಯ ಬೆಲೆ

“ತಪಾಸಣೆ ಫ್ರೀ, ಕೆಲಸ ನಮಗೇ ಕೊಡಿ” ಎನ್ನುವವರೂ ಇದ್ದಾರೆ. ಹೀಗೆ ಬಂದವನಿಗೆ ಹಣ ಹುಟ್ಟುವುದು ದೋಷ ಸಿಕ್ಕಿದರೆ ಮಾತ್ರ. ಸರಿಯಿರುವ ಬೋರ್ಡನ್ನೂ ಬದಲಿಸಬೇಕೆಂದು ಹೇಳುವ ಆಸೆ ಅಲ್ಲಿ ಬಾರದಿರುವುದಿಲ್ಲ. ಊರಿನವನೆಂಬ ದಾಕ್ಷಿಣ್ಯದಿಂದ ಸುಮ್ಮನೆ ಬಂದವನ ಕಷ್ಟ ಇದಕ್ಕೆ ವಿರುದ್ಧವಾದದ್ದು: ಮತ್ತೊಂದು ಕೆಲಸಕ್ಕೆ ಹೊತ್ತಾಗುತ್ತಿರುವಾಗ ಮೆಗ್ಗರ್ ಹೊರಗೆ ತೆಗೆಯದೆ “ಎಲ್ಲಾ ಸರಿ ಉಂಟು ಅಕ್ಕ” ಎಂದು ಹೊರಡುವುದು. ಒಬ್ಬನು ಇಲ್ಲದ ದೋಷ ಹುಡುಕುತ್ತಾನೆ, ಇನ್ನೊಬ್ಬನಿಗೆ ಇರುವ ದೋಷ ಕಾಣುವುದಿಲ್ಲ. ಎರಡಕ್ಕೂ ಮೂಲ ಒಂದೇ.

ಆದುದರಿಂದ ತಪಾಸಣೆಯ ಬಿಲ್ ಬೇರೆ, ರಿಪೇರಿಯ ಬಿಲ್ ಬೇರೆ ಇರುವುದು ಉತ್ತಮ. ವರದಿ ಮನೆಯವರ ಸೊತ್ತು. ಅದನ್ನು ಹಿಡಿದು ಅವರು ಯಾರಿಂದ ಬೇಕಾದರೂ ಕೆಲಸ ಮಾಡಿಸಬಹುದು. ಸಾಮಾನಿನ ವಿಷಯದಲ್ಲೂ ಅಂಗಡಿಯ ಬಿಲ್ ನೇರವಾಗಿ ಮನೆಯವರ ಹೆಸರಿಗೇ ಆದರೆ ಕಮಿಷನ್ ಎಂಬ ಸಂಶಯ ಉಳಿಯುವುದಿಲ್ಲ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟದ, ಜಿಎಸ್‌ಟಿ ನೋಂದಣಿ ಇಲ್ಲದ ಎಲೆಕ್ಟ್ರಿಷಿಯನ್ ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸುವಂತಿಲ್ಲ ಎಂಬುದೂ ಇಬ್ಬರಿಗೂ ನೆನಪಿರಲಿ. ದರ ಕೇಳುವವನ ಕೈಯಲ್ಲಿ ಪರ್ಮಿಟ್ ಇರಬೇಕು. ವೈರಿಂಗ್ ಕೆಲಸ ಪರವಾನಿಗೆ ಪಡೆದ ಗುತ್ತಿಗೆದಾರರ ಮೂಲಕ, ಅರ್ಹತಾ ಪತ್ರವಿರುವವರ ಮೇಲ್ವಿಚಾರಣೆಯಲ್ಲಿ ನಡೆಯಬೇಕೆಂಬುದು ನಿಯಮ. ಖಾಸಗಿ ತಪಾಸಣೆಯ ವರದಿ ವಿದ್ಯುತ್ ಕಂಪೆನಿ ಕೇಳುವ ಟೆಸ್ಟ್ ರಿಪೋರ್ಟಿಗೆ ಬದಲಿಯಲ್ಲ ಎಂಬುದನ್ನೂ ಮೊದಲೇ ತಿಳಿಸಬೇಕು.

ಸಂಘಗಳು ಮಾಡಬಹುದಾದದ್ದು

ಮಹಾನಗರದ ಕನ್ನಡ ಸಂಘ-ಸಂಸ್ಥೆಗಳು ಆರೋಗ್ಯ ತಪಾಸಣಾ ಶಿಬಿರ, ನೇತ್ರ ಚಿಕಿತ್ಸಾ ಶಿಬಿರ, ವಿದ್ಯಾರ್ಥಿ ವೇತನ ಎಂದು ವರ್ಷವಿಡೀ ಏನಾದರೊಂದು ಮಾಡುತ್ತಿರುತ್ತವೆ. ಮಳೆಗಾಲಕ್ಕೆ ಮೊದಲು ಮನೆಗಳ ವಿದ್ಯುತ್ ತಪಾಸಣೆಯನ್ನೂ ಆ ಪಟ್ಟಿಗೆ ಸೇರಿಸಬಹುದು. ಇದರಲ್ಲಿ ಹಣದ ಉಳಿತಾಯವೂ ಇದೆ. ಒಂದೇ ಸೊಸೈಟಿಯ ಹತ್ತು ಒನ್ ಬಿಎಚ್‌ಕೆ ಮನೆಗಳನ್ನು ಒಟ್ಟಿಗೆ ಕೊಟ್ಟರೆ, ಮೇಲಿನ ಲೆಕ್ಕದಂತೆ ಮನೆಗೆ 2 ಗಂಟೆಯಂತೆ 20 ಗಂಟೆ, ಮೂರು ದಿನ ಹೋಗಿ ಬರಲು 3 ಗಂಟೆ. ಒಟ್ಟು 23 ಗಂಟೆಗೆ 8,050 ರೂಪಾಯಿ. ಒಂದು ಮನೆಗೆ 1,050ರ ಬದಲು 805 ರೂಪಾಯಿ ಬೀಳುತ್ತದೆ. ಎಲೆಕ್ಟ್ರಿಷಿಯನ್‌ನ ಗಂಟೆಯ ಬೆಲೆ ಒಂದು ಪೈಸೆಯೂ ಕಡಿಮೆಯಾಗಿಲ್ಲ. ಉಳಿದದ್ದು ಓಡಾಟದ ಸಮಯ ಮಾತ್ರ. ರಿಯಾಯಿತಿ ಕೇಳುವುದಾದರೆ ಹೀಗೆ ಕೇಳಬೇಕು.

ಒಂಟಿಯಾಗಿರುವ ಹಿರಿಯರು, ಕೊಡಲು ಆಗದ ಕುಟುಂಬಗಳು ಇದ್ದರೆ ಆ ಹಣವನ್ನು ಸಂಘದ ನಿಧಿಯಿಂದ ಭರಿಸಬಹುದು. ಸೇವೆ ಮಾಡುವುದಾದರೆ ಇಡೀ ಸಂಘ ಸೇರಿ ಮಾಡಲಿ. ಒಬ್ಬ ಎಲೆಕ್ಟ್ರಿಷಿಯನ್‌ನ ರವಿವಾರದ ಕೂಲಿಯನ್ನು ಕತ್ತರಿಸಿ ಮಾಡುವುದು ಬೇಡ. ವೇದಿಕೆಗೆ ಕರೆದು ಶಾಲು ಹೊದೆಸಿದರೆ ಆತನಿಗೆ ಸಂತೋಷವಾಗುತ್ತದೆ, ಆದರೆ ಮಗನ ಶಾಲೆಯ ಫೀಸು ಅದರಿಂದ ತುಂಬುವುದಿಲ್ಲ.

ಒಂದು ವಿಷಯಕ್ಕೆ ಮಾತ್ರ ಈ ಲೆಕ್ಕ ಅನ್ವಯಿಸುವುದಿಲ್ಲ. ನಲ್ಲಿ ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂಬ ಕರೆ ಬಂದರೆ ರವಿವಾರದ ಮೀಟಿಂಗಿನವರೆಗೆ ಕಾಯುವಂತಿಲ್ಲ. ಗೀಸರಿನಲ್ಲಿ ಸೋರಿಕೆ, ಅದಕ್ಕೆ ಅರ್ಥಿಂಗ್ ಇಲ್ಲ, ಆರ್‌ಸಿಸಿಬಿಯೂ ಇಲ್ಲ ಎಂಬ ಸಾಧ್ಯತೆ ಅಲ್ಲಿದೆ. ಪಕ್ಕದ ಮನೆಯ ಸೋರಿಕೆ ಪೈಪಿನ ಮೂಲಕ ಬರುತ್ತಿರಲೂಬಹುದು. ನಲ್ಲಿಯನ್ನು ಯಾರೂ ಮುಟ್ಟಬೇಡಿ, ಒಣ ಕೈಯಿಂದ ಮೇನ್ ಸ್ವಿಚ್ ಬಂದ್ ಮಾಡಿ ಎಂದು ಫೋನಿನಲ್ಲೇ ಹೇಳಿ ಕೂಡಲೇ ಹೊರಡಬೇಕು. ಅಂಥ ಹೊತ್ತಿನಲ್ಲಿ ದರದ ಮಾತು ನಂತರ. ಉಳಿದ ದಿನಗಳಲ್ಲಿ “ಅಣ್ಣ, ಇಡೀ ಮನೆ ನೋಡಿ ಬರೆದು ಕೊಡ್ತೇನೆ, ಇಷ್ಟಾಗ್ತದೆ” ಎಂದು ಹೇಳಲು ಆತ ಸಂಕೋಚ ಪಡಬೇಕಾಗಿಲ್ಲ. “ಆಯ್ತು, ಸರಿಯಾಗಿ ನೋಡು” ಎಂದು ಹೇಳಲು ಮನೆಯವರೂ ಹಿಂಜರಿಯಬೇಕಾಗಿಲ್ಲ.