ದ್ವೀಪದೇಶಕ್ಕೆ ವ್ಯಾಪಾರ ಪ್ರವಾಸ: ಹೊರಡುವ ಮುನ್ನ ಅರಿಯಬೇಕಾದ ಅಪಾಯಗಳು

ಮಾನ್ವಿಯ ಗಿರಣಿಗಳ ಸೋನಾ ಮಸೂರಿ ಅಕ್ಕಿ, ದೇವದುರ್ಗದ ಕಪ್ಪು ಭೂಮಿಯ ಹತ್ತಿ ಮತ್ತು ಮೆಣಸಿನಕಾಯಿ, ರಾಯಚೂರು ನಗರದ ಸಣ್ಣ ಕಾರ್ಖಾನೆಗಳ ಸರಕು, ಇವುಗಳಿಗೆ ಹೊರದೇಶದ ಗಿರಾಕಿಯನ್ನು ಹುಡುಕುವ ವರ್ತಕರ ಕಣ್ಣು ಮೊದಲು ಬೀಳುವುದು ಸಮೀಪದ ಶ್ರೀಲಂಕೆಯ ಮೇಲೆ. ಚೆನ್ನೈ, ಬೆಂಗಳೂರು ಅಥವಾ ಹೈದರಾಬಾದಿನಿಂದ ಕೆಲವೇ ಗಂಟೆಗಳ ಪ್ರಯಾಣ, ಖರ್ಚು ಮಿತವಾದುದು, ಊಟ ಉಪಚಾರವೂ ತೀರಾ ಅಪರಿಚಿತವಲ್ಲ. ಭಾರತ ಮತ್ತು ಶ್ರೀಲಂಕೆಗಳ ನಡುವಿನ ಮುಕ್ತ ವ್ಯಾಪಾರ ಒಪ್ಪಂದಕ್ಕೆ 1998ರ ಡಿಸೆಂಬರ್‌ನಲ್ಲಿ ಸಹಿ ಬಿದ್ದು, 2000ದ ಮಾರ್ಚ್ 1ರಿಂದ ಅದು ಜಾರಿಯಲ್ಲಿದೆ. ಅಂದಿನಿಂದ ಕೊಲಂಬೊ ಎಂಬುದು ದಕ್ಷಿಣ ಭಾರತದ ವರ್ತಕರಿಗೆ ಪಕ್ಕದ ಪೇಟೆಯಂತೆಯೇ ಆಗಿದೆ. ಆದರೆ ಪಕ್ಕದ ಪೇಟೆ ಎಂಬ ಸಲುಗೆಯೇ ಕೆಲವೊಮ್ಮೆ ಎಚ್ಚರ ತಪ್ಪಲು ಕಾರಣವಾಗುತ್ತದೆ. ಗಡಿ ದಾಟಿದ ಮೇಲೆ ಅದು ಬೇರೊಂದು ದೇಶ. ಅಲ್ಲಿನ ರಾಜಕೀಯದ ಏರಿಳಿತ ಬೇರೆ, ಕಾನೂನು ಬೇರೆ, ಆಪತ್ತಿನ ಸ್ವರೂಪವೂ ಬೇರೆ.

ಕರ್ನಾಟಕ ಮರೆಯಲಾಗದ ಒಂದು ಭಾನುವಾರ

2019ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ದಕ್ಷಿಣ ಭಾಗದ ಕ್ಷೇತ್ರಗಳಿಗೆ ಏಪ್ರಿಲ್ 18ರಂದು ಮತದಾನ ಮುಗಿಯಿತು. ರಾಯಚೂರು ಕ್ಷೇತ್ರದ ಮತದಾನ 23ರಂದು ನಡೆಯಬೇಕಾಗಿತ್ತು. ವಾರಗಟ್ಟಲೆ ಪ್ರಚಾರದಲ್ಲಿ ದಣಿದಿದ್ದ ಬೆಂಗಳೂರು ಹೊರವಲಯದ ಜಾತ್ಯತೀತ ಜನತಾದಳದ ಕೆಲವು ಕಾರ್ಯಕರ್ತರು ನಾಲ್ಕು ದಿನ ವಿಶ್ರಾಂತಿ ಪಡೆಯಲೆಂದು ಕೊಲಂಬೊಗೆ ತೆರಳಿದರು. ಏಪ್ರಿಲ್ 21, ಈಸ್ಟರ್ ಭಾನುವಾರ. ಅಂದು ಬೆಳಿಗ್ಗೆ ಕೊಲಂಬೊದ ಕೊಚ್ಚಿಕಡೆ, ನೆಗೊಂಬೊ ಮತ್ತು ಬಟ್ಟಿಕಲೋವಾದ ಚರ್ಚುಗಳಲ್ಲಿಯೂ, ಶಾಂಗ್ರಿ-ಲಾ, ಸಿನಮನ್ ಗ್ರ್ಯಾಂಡ್ ಹಾಗೂ ಕಿಂಗ್ಸ್‌ಬರಿ ಎಂಬ ಮೂರು ದೊಡ್ಡ ಹೋಟೆಲುಗಳಲ್ಲಿಯೂ ಆತ್ಮಾಹುತಿ ಬಾಂಬುಗಳು ಸ್ಫೋಟಿಸಿದವು. 250ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಬೆಳಗಿನ ಉಪಾಹಾರದ ಹೊತ್ತಿನಲ್ಲಿ ಶಾಂಗ್ರಿ-ಲಾ ಹೋಟೆಲಿನಲ್ಲಿದ್ದ ಕನ್ನಡಿಗರೂ ಅವರಲ್ಲಿ ಸೇರಿದ್ದರು.

ಮಡಿದವರು ಯಾವ ಅಪಾಯಕಾರಿ ಸ್ಥಳಕ್ಕೂ ಹೋಗಿರಲಿಲ್ಲ. ನಗರದ ಅತಿ ಸುರಕ್ಷಿತವೆಂದು ಎಣಿಸಲಾಗಿದ್ದ ಹೋಟೆಲಿನಲ್ಲಿಯೇ ತಂಗಿದ್ದರು. ಅಂತರ್ಯುದ್ಧ 2009ರ ಮೇ ತಿಂಗಳಲ್ಲಿ ಮುಗಿದು ಹತ್ತು ವರ್ಷಗಳಾಗಿದ್ದವು. ಪ್ರವಾಸಿಗರ ಸಂಖ್ಯೆ ಏರುತ್ತಿತ್ತು. ಆದರೂ ಸರ್ಕಾರದೊಳಗಿನ ಬಿರುಕು ಕಣ್ಣಿಗೆ ಕಾಣುವಂತಿತ್ತು. 2018ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಅವರು ಪ್ರಧಾನಿ ರನಿಲ್ ವಿಕ್ರಮಸಿಂಘೆ ಅವರನ್ನು ಪದಚ್ಯುತಗೊಳಿಸಲು ಯತ್ನಿಸಿ, ನ್ಯಾಯಾಲಯದ ತೀರ್ಪಿನ ನಂತರ ಡಿಸೆಂಬರ್‌ನಲ್ಲಿ ಅವರನ್ನೇ ಮರಳಿ ನೇಮಿಸಬೇಕಾಯಿತು. ಅಧ್ಯಕ್ಷರು ಒಂದು ದಿಕ್ಕು, ಪ್ರಧಾನಿ ಇನ್ನೊಂದು ದಿಕ್ಕು ಎಂಬಂತಿದ್ದ ಆಡಳಿತದಲ್ಲಿ ಭಾರತವು ಮೊದಲೇ ನೀಡಿದ್ದ ಗುಪ್ತಚರ ಎಚ್ಚರಿಕೆಗೂ ತಕ್ಕ ಕ್ರಮ ಜರುಗಲಿಲ್ಲ. ಶ್ರೀಲಂಕೆಯ ಸರ್ವೋಚ್ಚ ನ್ಯಾಯಾಲಯವೇ 2023ರ ಜನವರಿಯಲ್ಲಿ ಈ ನಿರ್ಲಕ್ಷ್ಯವನ್ನು ಎತ್ತಿ ಹಿಡಿದು, ಮಾಜಿ ಅಧ್ಯಕ್ಷ ಸಿರಿಸೇನ ಅವರು 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ನೀಡಬೇಕೆಂದು ಆದೇಶಿಸಿತು. ರಾಜಧಾನಿಯಲ್ಲಿ ಅಧಿಕಾರದ ಜಗ್ಗಾಟ ನಡೆದಿರುವಾಗ ಬೀದಿ ಶಾಂತವಾಗಿ ಕಂಡರೂ ಭದ್ರತೆಯ ವ್ಯವಸ್ಥೆ ಸಡಿಲಗೊಂಡಿರಬಹುದು ಎಂಬುದು ಇದರಿಂದ ಪ್ರಯಾಣಿಕರು ಕಲಿಯಬೇಕಾದ ಪಾಠ.

ಅಕ್ಕಿಯ ಬೆಲೆಯೂ ಸಿಂಹಾಸನವೂ

ಅಕ್ಕಿ ವ್ಯಾಪಾರಿಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಆ ದೇಶದಲ್ಲಿ ಅನ್ನಕ್ಕೂ ರಾಜಕಾರಣಕ್ಕೂ ಬಿಡಿಸಲಾಗದ ನಂಟು. 1953ರಲ್ಲಿ ಪಡಿತರ ಅಕ್ಕಿಯ ಸಹಾಯಧನವನ್ನು ಕಡಿತಗೊಳಿಸಿ, ಅಳತೆಯೊಂದಕ್ಕೆ 25 ಸೆಂಟ್ ಇದ್ದ ಬೆಲೆಯನ್ನು 70 ಸೆಂಟ್‌ಗೆ ಏರಿಸಲಾಯಿತು. ಆಗಸ್ಟ್ 12ರಂದು ದೇಶವ್ಯಾಪಿ ಹರತಾಳ ನಡೆದು ಗೋಲಿಬಾರಾಯಿತು. ಎರಡೇ ತಿಂಗಳಲ್ಲಿ ಪ್ರಧಾನಿ ಡಡ್ಲಿ ಸೇನಾನಾಯಕೆ ರಾಜೀನಾಮೆ ನೀಡಿದರು.

ಸುಮಾರು ಏಳು ದಶಕಗಳ ನಂತರ ಅದೇ ಕಥೆ ದೊಡ್ಡ ಪ್ರಮಾಣದಲ್ಲಿ ಮರುಕಳಿಸಿತು. 2021ರಲ್ಲಿ ಅಂದಿನ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಹಠಾತ್ತಾಗಿ ನಿಷೇಧಿಸಿತು. ಭತ್ತದ ಇಳುವರಿ ಕುಸಿಯಿತು. ನವೆಂಬರ್‌ನಲ್ಲಿ ನಿಷೇಧ ಸಡಿಲಿಸುವ ವೇಳೆಗೆ ಹಾನಿ ಸಂಭವಿಸಿಯಾಗಿತ್ತು. ಅಕ್ಕಿಯನ್ನು ಹೊರಗಿನಿಂದ ತರಿಸಬೇಕಾಯಿತು. ಆದರೆ ತರಿಸಲು ಡಾಲರ್ ಇರಲಿಲ್ಲ. 2022ರ ಮಾರ್ಚ್ ಆರಂಭದಲ್ಲಿ ಡಾಲರಿಗೆ 200ರ ಆಸುಪಾಸಿನಲ್ಲಿದ್ದ ಶ್ರೀಲಂಕಾ ರೂಪಾಯಿ ಮೇ ತಿಂಗಳ ವೇಳೆಗೆ 350ನ್ನು ದಾಟಿತು. ಏಪ್ರಿಲ್‌ನಲ್ಲಿ ಸರ್ಕಾರ ವಿದೇಶಿ ಸಾಲದ ಮರುಪಾವತಿಯನ್ನು ನಿಲ್ಲಿಸಿತು. ದಿನಕ್ಕೆ 13 ಗಂಟೆಗಳವರೆಗೆ ವಿದ್ಯುತ್ ಕಡಿತವಾಯಿತು. ಜೂನ್ ಕೊನೆಯಲ್ಲಿ ಅಗತ್ಯ ಸೇವೆಗಳ ಹೊರತು ಯಾರಿಗೂ ಪೆಟ್ರೋಲ್ ಇಲ್ಲ ಎಂಬ ಸ್ಥಿತಿ ಬಂದಿತು. ಜುಲೈ 9ರಂದು ಜನ ಅಧ್ಯಕ್ಷರ ನಿವಾಸಕ್ಕೆ ನುಗ್ಗಿದರು. 13ರಂದು ಗೋಟಬಯ ರಾಜಪಕ್ಸೆ ದೇಶ ಬಿಟ್ಟರು.

ಕೊರತೆಯ ಸುದ್ದಿ ಕೇಳಿದೊಡನೆ ವರ್ತಕನಿಗೆ ಕಾಣುವುದು ಬೇಡಿಕೆ. ಬೇಡಿಕೆ ಇರುವಲ್ಲಿ ಲಾಭವಿದೆ ಎಂಬುದು ಪೇಟೆಯ ಸಹಜ ಲೆಕ್ಕ. ಆದರೆ ಅಕ್ಕಿಗೆ ಕೊರತೆ ತಂದ ಕಾರಣವೇ ಬೀದಿಗೆ ಕಲಹ ತಂದದ್ದು, ಕೊಳ್ಳುವವನ ಕೈಯಲ್ಲಿ ಹಣವಿಲ್ಲದಂತೆ ಮಾಡಿದ್ದು. ಅವಕಾಶವೂ ಅಪಾಯವೂ ಒಂದೇ ಬೇರಿನಿಂದ ಚಿಗುರಿದ್ದವು. ಬೇಡಿಕೆ ತೀವ್ರವಾಗಿರುವ ದಿನಗಳಲ್ಲಿಯೇ ಪ್ರಯಾಣವೂ ಪಾವತಿಯೂ ಅತ್ಯಂತ ಅನಿಶ್ಚಿತವಾಗಿರುತ್ತವೆ. ರಾಯಚೂರು ಸೀಮೆಯಿಂದ ಹೊರಡುವವರು ಈ ಎರಡನ್ನೂ ಒಟ್ಟಿಗೆ ತೂಗಬೇಕು.

ದೇಹದ ರಕ್ಷಣೆ

ಪ್ರಯಾಣಕ್ಕೆ ಮುನ್ನ ಭಾರತದ ವಿದೇಶಾಂಗ ಸಚಿವಾಲಯ ಹಾಗೂ ಕೊಲಂಬೊದ ಭಾರತೀಯ ಹೈಕಮಿಷನ್ ಪ್ರಕಟಿಸುವ ಸೂಚನೆಗಳನ್ನು ನೋಡುವುದು ಮೊದಲ ಕರ್ತವ್ಯ. ಈಸ್ಟರ್ ದಾಳಿಯ ನಂತರ ಅನಗತ್ಯ ಪ್ರಯಾಣವನ್ನು ಕೈಬಿಡುವಂತೆ ಸಚಿವಾಲಯವು ನಾಗರಿಕರಿಗೆ ತಿಳಿಸಿತ್ತು. ಕೊಲಂಬೊ ಅಲ್ಲದೆ ಕ್ಯಾಂಡಿ, ಜಾಫ್ನಾ ಮತ್ತು ಹಂಬನ್‌ತೋಟದಲ್ಲಿಯೂ ಭಾರತದ ಕಚೇರಿಗಳಿವೆ. ಇವುಗಳ ದೂರವಾಣಿ ಸಂಖ್ಯೆಗಳನ್ನು ಮೊಬೈಲಿನಲ್ಲಿ ಮಾತ್ರವಲ್ಲದೆ ಕಾಗದದ ಮೇಲೂ ಬರೆದಿಟ್ಟುಕೊಳ್ಳುವುದು ಜಾಣತನ. ಏಕೆಂದರೆ 2019ರಲ್ಲಿ ದಾಳಿಯ ಬೆನ್ನಲ್ಲೇ ಅಲ್ಲಿನ ಸರ್ಕಾರ ಫೇಸ್‌ಬುಕ್ ಮತ್ತು ವಾಟ್ಸ್‌ಆ್ಯಪ್‌ಗಳನ್ನು ತಡೆಹಿಡಿದಿತ್ತು. ವಾಟ್ಸ್‌ಆ್ಯಪ್ ಒಂದನ್ನೇ ನಂಬಿ ಹೊರಟವರು ಅಂಥ ಹೊತ್ತಿನಲ್ಲಿ ಮನೆಯವರೊಂದಿಗೆ ಸಂಪರ್ಕ ಕಳೆದುಕೊಳ್ಳುತ್ತಾರೆ. ಸಾಧಾರಣ ಕರೆಗೆ ಒದಗುವ ರೋಮಿಂಗ್ ಅಥವಾ ಸ್ಥಳೀಯ ಸಿಮ್ ಕಾರ್ಡ್ ಇರಲೇಬೇಕು. ತಂಗುವ ಹೋಟೆಲು, ಭೇಟಿಯಾಗುವ ವ್ಯಾಪಾರಿ, ಮರಳುವ ವಿಮಾನ, ಇವುಗಳ ವಿವರದ ಒಂದು ಪ್ರತಿ ರಾಯಚೂರಿನ ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ ಇರುವುದು ಒಳಿತು.

ಕರ್ಫ್ಯೂ ಎಂಬುದು ಆ ದೇಶದಲ್ಲಿ ಅಪರೂಪದ ಮಾತಲ್ಲ. 2018ರ ಮಾರ್ಚ್‌ನಲ್ಲಿ ಕ್ಯಾಂಡಿ ಜಿಲ್ಲೆಯಲ್ಲಿ ಕೋಮುಗಲಭೆಯಾದಾಗ, 2019ರಲ್ಲಿ, 2022ರಲ್ಲಿ, ಹೀಗೆ ಮತ್ತೆ ಮತ್ತೆ ಅದನ್ನು ವಿಧಿಸಲಾಗಿದೆ. ಅಂಥ ವೇಳೆ ವಿಮಾನದ ಟಿಕೆಟ್ ಮತ್ತು ಪಾಸ್‌ಪೋರ್ಟ್ ತೋರಿಸಿದವರನ್ನು ವಿಮಾನ ನಿಲ್ದಾಣಕ್ಕೆ ಬಿಡಲಾಗುತ್ತಿತ್ತು. ಆದುದರಿಂದ ಟಿಕೆಟಿನ ಮುದ್ರಿತ ಪ್ರತಿ ಕೈಯಲ್ಲಿರಬೇಕು. ಕಟುನಾಯಕೆಯ ವಿಮಾನ ನಿಲ್ದಾಣ ಕೊಲಂಬೊ ನಗರದಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿದೆ. ಇಂಧನದ ಅಭಾವವಿದ್ದಾಗ ಆ 30 ಕಿಲೋಮೀಟರೇ ಇಡೀ ಪ್ರಯಾಣಕ್ಕಿಂತ ಕಷ್ಟವಾಗಬಲ್ಲದು. ಪ್ರತಿಭಟನೆ ನಡೆಯುವ ಮೈದಾನ, ಸೈನಿಕ ನೆಲೆ, ತಪಾಸಣಾ ಠಾಣೆಗಳ ಬಳಿ ನಿಂತು ಚಿತ್ರ ತೆಗೆಯುವ ಕುತೂಹಲವನ್ನು ಹತ್ತಿಕ್ಕುವುದು ಲೇಸು. ಬುದ್ಧನ ವಿಗ್ರಹಕ್ಕೆ ಬೆನ್ನು ತಿರುಗಿಸಿ ಚಿತ್ರ ತೆಗೆಸಿಕೊಳ್ಳುವುದನ್ನು ಅಲ್ಲಿನ ಜನ ಅಪಚಾರವೆಂದು ಭಾವಿಸುತ್ತಾರೆ. ಸಿಂಹಳ, ತಮಿಳು, ಮುಸ್ಲಿಂ ಸಮುದಾಯಗಳ ಹಳೆಯ ಗಾಯಗಳ ಕುರಿತು ಅತಿಥಿಯಾಗಿ ಹೋದವರು ಅಭಿಪ್ರಾಯ ಹೇಳದಿರುವುದೇ ಶ್ರೇಯಸ್ಕರ.

ಪ್ರಯಾಣ ವಿಮೆಯನ್ನು ಕಂತು ಕಡಿಮೆಯೆಂಬ ಒಂದೇ ಕಾರಣಕ್ಕೆ ಆಯ್ದುಕೊಳ್ಳಬಾರದು. ಭಯೋತ್ಪಾದಕ ಕೃತ್ಯ, ಗಲಭೆ, ವಿಮಾನ ರದ್ದತಿ ಇವು ಪಾಲಿಸಿಯ ವ್ಯಾಪ್ತಿಗೆ ಒಳಪಟ್ಟಿವೆಯೇ ಎಂಬುದನ್ನು ಸಣ್ಣ ಅಕ್ಷರಗಳಲ್ಲಿರುವ ಷರತ್ತುಗಳನ್ನು ಓದಿಯೇ ತಿಳಿಯಬೇಕು. ಯುದ್ಧದಿಂದಾಗುವ ಹಾನಿಯನ್ನು ಸಾಮಾನ್ಯವಾಗಿ ವಿಮೆಯಿಂದ ಹೊರಗಿಡಲಾಗುತ್ತದೆ.

ಕಾಗದಪತ್ರ ಮತ್ತು ಹಣ

ಪ್ರವಾಸಕ್ಕೆ ನೀಡುವ ಅನುಮತಿ ಬೇರೆ, ವ್ಯಾಪಾರದ ಮಾತುಕತೆಗೆ ನೀಡುವ ಅನುಮತಿ ಬೇರೆ. ಶುಲ್ಕವನ್ನು ಉಳಿಸಲೆಂದು ಪ್ರವಾಸಿಗನೆಂದು ಬರೆದು, ಗೋದಾಮುಗಳಲ್ಲಿ ಸರಕಿನ ಮಾದರಿ ತೋರಿಸುತ್ತಾ ತಿರುಗುವುದು ತೊಂದರೆಗೆ ಆಹ್ವಾನ. ವೀಸಾ ನಿಯಮಗಳು ಇತ್ತೀಚಿನ ವರ್ಷಗಳಲ್ಲಿ ಪದೇ ಪದೇ ಬದಲಾಗಿವೆ. ಹೊರಡುವ ವಾರದಲ್ಲಿ ಮತ್ತೊಮ್ಮೆ ಪರಿಶೀಲಿಸಬೇಕು. ಹುಣ್ಣಿಮೆಯ ದಿನ ಅಲ್ಲಿ ಸಾರ್ವತ್ರಿಕ ರಜೆ. ಬ್ಯಾಂಕುಗಳು ಮುಚ್ಚಿರುತ್ತವೆ. ಪಂಚಾಂಗ ನೋಡಿ ಭೇಟಿಯ ದಿನ ಗೊತ್ತುಮಾಡುವುದು ನಮ್ಮ ವರ್ತಕರಿಗೆ ಹೊಸತೇನಲ್ಲ.

ಭಾರತದಿಂದ ಹೊರಹೋಗುವಾಗ 25,000 ರೂಪಾಯಿಗಿಂತ ಹೆಚ್ಚಿನ ಭಾರತೀಯ ನೋಟುಗಳನ್ನು ಒಯ್ಯುವಂತಿಲ್ಲ. 2024ರ ಫೆಬ್ರವರಿಯಲ್ಲಿ ಶ್ರೀಲಂಕೆಯಲ್ಲಿ ಯುಪಿಐ ಪಾವತಿ ಆರಂಭವಾಗಿದೆ. ಆದರೂ ವಿದ್ಯುತ್ ಮತ್ತು ಅಂತರ್ಜಾಲ ಕೈಕೊಟ್ಟ ದಿನಗಳನ್ನು ನೆನೆದು, ಎರಡು ದಿನದ ಖರ್ಚಿಗಾಗುವಷ್ಟು ಸ್ಥಳೀಯ ನಗದು ಜೇಬಿನಲ್ಲಿರುವುದು ಕ್ಷೇಮ.

ಸರಕಿನ ರಕ್ಷಣೆ

ಪ್ರಯಾಣಿಕ ಸುರಕ್ಷಿತವಾಗಿ ಮರಳಿದರೂ ಸರಕಿನ ಹಣ ಮರಳದಿದ್ದರೆ ಪ್ರಯೋಜನವೇನು? ಅಲ್ಲಿನ ಸರ್ಕಾರ ಅಕ್ಕಿಯ ಆಮದನ್ನು ಪರವಾನಗಿ ಹಾಗೂ ಸುಂಕಗಳ ಮೂಲಕ ನಿಯಂತ್ರಿಸುತ್ತದೆ; ಸ್ಥಳೀಯ ಸುಗ್ಗಿ ಬಂದೊಡನೆ ಬಾಗಿಲು ಮುಚ್ಚುತ್ತದೆ. 2024ರ ಡಿಸೆಂಬರ್‌ನಲ್ಲಿ ಕೊರತೆ ಕಂಡುಬಂದಾಗ ಖಾಸಗಿ ಆಮದಿಗೆ ದೊರೆತ ಅವಕಾಶ ಕೆಲವು ವಾರಗಳದ್ದಷ್ಟೆ. ನಮ್ಮ ಕಡೆಯ ಬಾಗಿಲೂ ಸದಾ ತೆರೆದಿರುವುದಿಲ್ಲ. ಭಾರತ ಸರ್ಕಾರ 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿ, 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ತೆರವುಗೊಳಿಸಿತು. ರುಚಿಯ ವ್ಯತ್ಯಾಸವನ್ನೂ ಮರೆಯಬಾರದು. ಅಲ್ಲಿ ಬಳಕೆಯಲ್ಲಿರುವುದು ನಾಡು ಎಂಬ ಕುಸುಬಲಕ್ಕಿ, ಸಾಂಬಾ ಹಾಗೂ ಕೆಂಪಕ್ಕಿ. ಒಣಮೆಣಸಿನಕಾಯಿಯಾದರೋ ಬಹುಪಾಲು ಭಾರತದಿಂದಲೇ ಹೋಗುತ್ತದೆ. ಹತ್ತಿಯ ವಿಷಯದಲ್ಲಿ, ಅಲ್ಲಿನ ಸಿದ್ಧ ಉಡುಪು ಕಾರ್ಖಾನೆಗಳಿಗೆ ಬೇಕಾದುದು ಅರಳೆಯಲ್ಲ, ಬಟ್ಟೆ. ದೇವದುರ್ಗದ ಹತ್ತಿ ಅಲ್ಲಿಗೆ ತಲುಪಬೇಕಾದರೆ ನೂಲಿನ ಗಿರಣಿ ಮತ್ತು ಮಗ್ಗಗಳ ಮೂಲಕವೇ ಹೋಗಬೇಕು.

ಹಳೆಯ ಪರಿಚಯವೆಂದು ಸಾಲದ ಮೇಲೆ ಸರಕು ಕಳುಹಿಸುವುದು ಈ ಮಾರುಕಟ್ಟೆಯಲ್ಲಿ ಸಲ್ಲದು. 2022ರಲ್ಲಿ ಪ್ರಾಮಾಣಿಕ ಆಮದುದಾರನ ಖಾತೆಯಲ್ಲಿ ಸ್ಥಳೀಯ ಹಣವಿದ್ದರೂ ಅವನ ಬ್ಯಾಂಕಿನಲ್ಲಿ ಡಾಲರ್ ಇರಲಿಲ್ಲ. ಬದಲಾಯಿಸಲಾಗದ ಸಾಖಪತ್ರ, ಅದಕ್ಕೆ ಭಾರತದ ಅಥವಾ ಅಂತಾರಾಷ್ಟ್ರೀಯ ಖ್ಯಾತಿಯ ಬ್ಯಾಂಕಿನ ದೃಢೀಕರಣ, ಇವೆರಡೂ ಇದ್ದರೆ ಮಾತ್ರ ನಿಶ್ಚಿಂತೆ. 1957ರಲ್ಲಿ ಸ್ಥಾಪಿತವಾದ, ಇಂದು ಇಸಿಜಿಸಿ ಎಂದೇ ಕರೆಯಲಾಗುವ ರಫ್ತು ಸಾಲ ಖಾತರಿ ಸಂಸ್ಥೆಯು ಕೊಳ್ಳುವವನ ದಿವಾಳಿಯನ್ನಷ್ಟೇ ಅಲ್ಲದೆ ಅಂತರ್ಯುದ್ಧ, ಆಮದು ನಿರ್ಬಂಧ, ಹಣ ವರ್ಗಾವಣೆಯ ತಡೆ ಮುಂತಾದ ರಾಜಕೀಯ ಅಪಾಯಗಳಿಗೂ ವಿಮೆ ಒದಗಿಸುತ್ತದೆ. ಯಾವ ದೇಶವನ್ನು ಯಾವ ಅಪಾಯದ ದರ್ಜೆಯಲ್ಲಿ ಇರಿಸಿದೆ ಎಂಬ ಅದರ ಪಟ್ಟಿಯೇ ಸಣ್ಣ ರಫ್ತುದಾರನಿಗೆ ಒಳ್ಳೆಯ ಕೈದೀವಿಗೆ. 2022ರ ಜುಲೈನಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಅಂತಾರಾಷ್ಟ್ರೀಯ ವ್ಯಾಪಾರವನ್ನು ರೂಪಾಯಿಯಲ್ಲಿಯೇ ಇತ್ಯರ್ಥಗೊಳಿಸಲು ಅವಕಾಶ ನೀಡಿದೆ; ಈ ಮಾರ್ಗದ ಕುರಿತೂ ಬ್ಯಾಂಕಿನೊಡನೆ ಚರ್ಚಿಸಬಹುದು.

ಭಯವೂ ಬೇಡ, ಮೈಮರೆವೂ ಬೇಡ

ಇಷ್ಟು ಹೇಳಿದುದರಿಂದ ಶ್ರೀಲಂಕೆಗೆ ಹೋಗಲೇಬಾರದು ಎಂಬ ಅರ್ಥವಲ್ಲ. 2023ರ ಮಾರ್ಚ್‌ನಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿಯು ಸುಮಾರು 300 ಕೋಟಿ ಡಾಲರ್ ನೆರವನ್ನು ಮಂಜೂರು ಮಾಡಿತು. 2024ರ ಸೆಪ್ಟೆಂಬರ್‌ನಲ್ಲಿ ಅನುರ ಕುಮಾರ ದಿಸ್ಸನಾಯಕೆ ಚುನಾವಣೆಯ ಮೂಲಕವೇ ಅಧ್ಯಕ್ಷರಾದರು. ನವೆಂಬರ್‌ನಲ್ಲಿ ಅವರ ಪಕ್ಷ 225 ಸ್ಥಾನಗಳ ಸಂಸತ್ತಿನಲ್ಲಿ 159ನ್ನು ಗೆದ್ದಿತು. ಅಧಿಕಾರ ಶಾಂತಿಯುತವಾಗಿ ಹಸ್ತಾಂತರವಾದದ್ದು ಆ ದೇಶದ ಪ್ರಜಾಸತ್ತೆಯ ಕಸುವನ್ನು ತೋರಿಸುತ್ತದೆ. ಗುಣವರಿತ ಗಿರಾಕಿಗಳು ಅಲ್ಲಿದ್ದಾರೆ, ಅವಕಾಶವೂ ಇದೆ.

ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತ, ಜಲಾಶಯ ತುಂಬಿತೆಂಬ ಸುದ್ದಿ ಕೇಳಿದ ಮಾತ್ರಕ್ಕೆ ನಾಟಿಗೆ ಇಳಿಯುವುದಿಲ್ಲ. ಮೇಲಿನ ತೂಬುಗಳು ಹೇಗಿವೆ, ನೀರು ತನ್ನ ಹೊಲದವರೆಗೆ ಬರುವುದೇ ಎಂದು ವಿಚಾರಿಸಿಯೇ ಸಸಿ ಕೀಳುತ್ತಾನೆ. ಕಡಲಾಚೆಯ ಪೇಟೆಗೆ ಹೊರಡುವ ವರ್ತಕನಿಗೂ ಬೇಕಾದುದು ಅದೇ ವಿವೇಕ. ಬೇಡಿಕೆ ಇದೆಯೆಂಬುದು ಅರ್ಧ ಸುದ್ದಿ. ಅಲ್ಲಿನ ಬೀದಿ ಶಾಂತವಾಗಿದೆಯೇ, ಬ್ಯಾಂಕಿನಲ್ಲಿ ಹಣವಿದೆಯೇ, ಮರಳುವ ದಾರಿ ತೆರೆದಿದೆಯೇ ಎಂಬುದು ಉಳಿದರ್ಧ.